ಶೋಗನ್‌ನ ಹೆಂಡತಿಯ ತೋಳಿನಲ್ಲಿದ್ದ ಗಾಜು

ನಮ್ಮ ಕಡೆ ಹಸುಗೂಸಿನ ಫೋಟೋ ತೆಗೆಯುವುದಿಲ್ಲ. ವರ್ಷ ತುಂಬುವ ತನಕ ಕ್ಯಾಮೆರಾ ಮಗುವಿನ ಹತ್ತಿರ ಸುಳಿಯಬಾರದು, ಸುಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು, ಅಮ್ಮ ಹೇಳುತ್ತಿದ್ದರು, ಮದುವೆಯಾದ ಮೇಲೆ ಅತ್ತೆಯೂ ಹೇಳಿದರು. ನಾನೋ, ಮೈಸೂರಿನಲ್ಲಿ ಎಕ್ಸ್‌ರೇ ತರಬೇತಿ ಮುಗಿಸಿ ಬಂದವಳು, ನೈರೋಬಿಯ ಆಸ್ಪತ್ರೆಯೊಂದರಲ್ಲಿ ದಿನವಿಡೀ ಜನರ ಮೂಳೆಗಳ ಚಿತ್ರ ತೆಗೆಯುವವಳು. ನನ್ನಂಥವಳು ಇದನ್ನೆಲ್ಲ ಕೇಳಿ ನಗಬೇಕಾಗಿತ್ತು. ನಗಲಿಲ್ಲ, ನಂಬಿದೆ. ನಂಬಿದ್ದರಿಂದಲೇ ಏಳು ವರ್ಷ ನನ್ನ ಗಂಡನ ಜೊತೆ ಒಂದೇ ಮನೆಯಲ್ಲಿದ್ದೂ ಇಲ್ಲದ ಹಾಗೆ ಬದುಕಿದೆ.

ನಮಗೆ ಹುಟ್ಟಿದ್ದು ಒಬ್ಬಳೇ ಮಗಳು. ಅವಳು ಬದುಕಿದ್ದು ಹದಿಮೂರು ದಿನ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಗಂಡ ಕಸರಾನಿಯ ಆಚೆಗಿದ್ದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದರು, ಪಾರ್ಕ್‌ಲ್ಯಾಂಡ್ಸಿನಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ನಮ್ಮ ಸಂಸಾರ. ಹನ್ನೊಂದನೆಯ ದಿನ ನಾಮಕರಣ. ಕೆಳಗಿನ ಮನೆಯ ಗುಜರಾತಿಯವರಿಂದ ತೊಟ್ಟಿಲು ಎರವಲು ತಂದಿದ್ದೆವು. ಬೆಳಿಗ್ಗೆ ಎಣ್ಣೆ ನೀರು ಆದ ಮೇಲೆ ನಾನು ಮಗುವಿನ ಎಡಗೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟು ತೊಟ್ಟಿಲಲ್ಲಿ ಮಲಗಿಸಿದೆ. ತಲೆ ಎತ್ತಿದರೆ ನನ್ನ ಗಂಡ ಕ್ಯಾಮೆರಾ ಕಣ್ಣಿಗೆ ಹಿಡಿದು ನಿಂತಿದ್ದಾರೆ. "ರೀ, ಬೇಡ" ಎಂದು ಕಿರುಚಿದೆ. ನಾನು ಕಿರುಚುವುದಕ್ಕೂ ಕ್ಯಾಮೆರಾ ಟಕ್ ಎನ್ನುವುದಕ್ಕೂ ಸರಿಹೋಯಿತು. ಬಂದಿದ್ದವರೆಲ್ಲ ನನ್ನನ್ನೇ ನೋಡಿದರು.

ಮಾರನೆಯ ದಿನ ಮಗುವಿಗೆ ಉಸಿರು ಕಟ್ಟತೊಡಗಿತು. ನನಗೆ ವಿಪರೀತ ಜ್ವರ, ಬಾಣಂತಿ ಬೇರೆ. ಮನೆಯಲ್ಲೇ ಇರು ಎಂದರು. ಹೊರಡುವ ಮುಂಚೆ ಅವಳ ಕೆನ್ನೆಯ ಬೊಟ್ಟನ್ನು ಮತ್ತೆ ತಿದ್ದಿ ಕಳಿಸಿದೆ. ನನ್ನ ಗಂಡ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮಗುವನ್ನು ಎದೆಗೆ ಒತ್ತಿಕೊಂಡು ಆಸ್ಪತ್ರೆಗೆ ಹೋದರು. ಅದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲ, ಊರೊಳಗಿನ ಇನ್ನೊಂದು. ಮರುದಿನ ಮಧ್ಯಾಹ್ನ ಅವರು ಬರಿಗೈಯಲ್ಲಿ ಬಂದರು. ಇಬ್ಬರು ಸ್ನೇಹಿತರ ಜೊತೆ ಹೋಗಿ ಮಣ್ಣು ಮಾಡಿ ಬಂದಿದ್ದರು. ನಾನು ಅಂದದ್ದು ಒಂದೇ ಮಾತು: "ಆ ಫೋಟೋ ತೆಗೆದ್ರಲ್ಲ, ಅದಕ್ಕೇ ಹೋದ್ಲು." ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಮೇಲೆ ಆ ಮಾತನ್ನು ಮತ್ತೆ ಆಡುವ ಅಗತ್ಯವೇ ಬೀಳಲಿಲ್ಲ, ಅದು ಮನೆಯಲ್ಲೇ ಉಳಿದುಕೊಂಡಿತು.

ಕೆಲವು ದಿನಗಳ ಮೇಲೆ ಅವರು ಆ ರೋಲನ್ನು ಕ್ಯಾಮೆರಾದಿಂದ ತೆಗೆದು ಕಾಫಿಪುಡಿಯ ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಸುತ್ತಿ, ಹಿಂದಿನ ಕೋಣೆಯ ಬೀರುವಿನ ನೆತ್ತಿಯ ಮೇಲಿಟ್ಟರು. ಅದನ್ನು ಸ್ಟುಡಿಯೋದಲ್ಲಿ ತೊಳೆಸಲೂ ಇಲ್ಲ, ಎಸೆಯಲೂ ಇಲ್ಲ. ಒಮ್ಮೆ ಧೂಳು ಹೊಡೆಯುವಾಗ ನಾನು ಕೈ ಹಾಕಿದೆ. "ಅದನ್ನ ಮುಟ್ಟಬೇಡ" ಎಂದರು. ತಪ್ಪು ಮಾಡಿದವರ ಧ್ವನಿ ಅದು ಎಂದುಕೊಂಡೆ.

ಏಳು ವರ್ಷ ಕಳೆಯುವಷ್ಟರಲ್ಲಿ ನನಗೆ ಇನ್ನೊಂದು ಭಯ ಹಿಡಿಯಿತು. ಮಗಳ ಮುಖ ನನಗೆ ಮರೆಯತೊಡಗಿತ್ತು. ಬೊಟ್ಟು ನೆನಪಿತ್ತು, ಕೂದಲಿನ ವಾಸನೆ ನೆನಪಿತ್ತು, ಕಾಲಿನ ಕಿರುಬೆರಳು ನೆನಪಿತ್ತು. ಮುಖ ಎಂದು ಕಣ್ಣು ಮುಚ್ಚಿದರೆ ಬೊಟ್ಟಿನ ಸುತ್ತ ಏನೂ ಇಲ್ಲ. ಹೆತ್ತವಳಿಗೇ ಹೀಗಾದರೆ ಇನ್ಯಾರಿಗೆ ನೆನಪಿರುತ್ತದೆ. ಅವಳ ಮುಖ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಆ ಡಬ್ಬಿಯೊಳಗೆ ಮಾತ್ರ ಎಂದು ನನಗೆ ಗೊತ್ತಿತ್ತು, ಅವಳನ್ನು ಕೊಂದದ್ದೂ ಅದೇ ಎಂದು ನಂಬಿಯೂ ಇದ್ದೆ.

ಆ ವರ್ಷ ಮಾವ ತೀರಿಕೊಂಡರು, ಅತ್ತೆಯನ್ನು ಮೈಸೂರಿನಿಂದ ಕರೆಸಿಕೊಂಡೆವು. ಅವರಿಗೆ ಹಿಂದಿನ ಕೋಣೆ ಕೊಟ್ಟೆವು. ಬಿಸಿಲು ಬೀಳುವ, ಜಕರಂಡದ ನೇರಳೆ ಹೂ ಕಿಟಕಿಗೇ ತಾಗುವ ಕೋಣೆ. ನಾಲ್ಕು ದಿನ ಕಳೆದ ಮೇಲೆ ಅತ್ತೆ ಹಾಸಿಗೆ ಸುತ್ತಿಕೊಂಡು ಹಾಲಿಗೆ ಬಂದರು.

"ಆ ರೂಮಲ್ಲಿ ನಂಗೆ ಆಗಲ್ಲ ಕಣೇ."

"ಯಾಕತ್ತೆ, ಸೊಳ್ಳೆನಾ?"

"ಸೊಳ್ಳೆ ಅಲ್ಲ. ಮಧ್ಯಾಹ್ನ ಮಲಗಿದ್ರೆ ಬೀರು ಮೇಲಿಂದ ಯಾರೋ ನೋಡ್ತಾರೆ."

ಡಬ್ಬಿಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಫೋಟೋದ ವಿಷಯವೂ ಗೊತ್ತಿರಲಿಲ್ಲ, ಕಾಗದದಲ್ಲಿ ಅದನ್ನು ಬರೆದಿರಲಿಲ್ಲ.

"ಹೆದರಿಸೋ ಥರ ಏನಿಲ್ಲ" ಎಂದರು ಅತ್ತೆ, ಚಾಪೆ ಬಿಡಿಸುತ್ತ. "ಎತ್ಕೊಳ್ಳಿ ಅನ್ನೋ ಥರ ನೋಡೋದು. ಅದೇ ನಂಗೆ ತಡ್ಕೊಳ್ಳೋಕಾಗಲ್ಲ."

ಈ ಸ್ಥಿತಿಯಲ್ಲಿ ನಾನಿದ್ದಾಗ ಆ ಜಪಾನಿ ಮುದುಕರು ನಮ್ಮ ಆಸ್ಪತ್ರೆಗೆ ಬಂದರು. ಎಪ್ಪತ್ತರ ಆಸುಪಾಸು, ಬಡಕಲು ಮೈ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಹಳೆಯ ಕಾಲದ ಮೂಳೆಗಳನ್ನು ಓದುವ ಪ್ರೊಫೆಸರ್ ಅವರು, ಇಲ್ಲಿನ ಮಣ್ಣಿನಲ್ಲಿ ಸಿಕ್ಕ ದವಡೆಗಳನ್ನು ಅಳೆಯಲು ಬಂದು ಲ್ಯಾವಿಂಗ್ಟನ್ನಿನ ಯಾವುದೋ ಬಂಗಲೆಯ ಔಟ್‌ಹೌಸಿನಲ್ಲಿ ಉಳಿದಿದ್ದರು. ಮೆಟ್ಟಿಲು ಜಾರಿ ಬಿದ್ದು ಸೊಂಟ ನೋವು. ರಿಸೆಪ್ಷನ್ನಿನ ಹುಡುಗಿ ಹಿರಿಯರನ್ನು ಕರೆಯುವ ಹಾಗೆ "ಮ್ಜೆ, ಇಲ್ಲಿ ಕೂತ್ಕೊಳ್ಳಿ" ಎಂದು ಸ್ವಾಹಿಲಿಯಲ್ಲಿ ಹೇಳಿದರೆ, ಅವರು ಬಗ್ಗಿ ಬಗ್ಗಿ ನಮಸ್ಕಾರ ಮಾಡಿ "ಅಸಾಂಟೆ" ಎಂದು ಸ್ವಾಹಿಲಿಯಲ್ಲೇ ಧನ್ಯವಾದ ಹೇಳುತ್ತಿದ್ದರು. ಬಗ್ಗಿದಾಗ ನೋವಿಗೆ ಮುಖ ಕಿವಿಚುತ್ತಿದ್ದರು, ಆದರೂ ಬಗ್ಗುವುದನ್ನು ಬಿಡುತ್ತಿರಲಿಲ್ಲ. ಅಲ್ಲೇ ನನಗೆ ಇಷ್ಟವಾಗಿಬಿಟ್ಟರು.

ನನ್ನ ಡಾರ್ಕ್‌ರೂಮಿನ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಬಚ್ಚಲಿನಷ್ಟೇ ಚಿಕ್ಕ ಕೋಣೆ. ಒಂದು ತೊಟ್ಟಿಯಲ್ಲಿ ಚಿತ್ರ ಮೂಡಿಸುವ ಡೆವಲಪರ್, ಒಂದರಲ್ಲಿ ಅದನ್ನು ಮಾಸದಂತೆ ನಿಲ್ಲಿಸುವ ಫಿಕ್ಸರ್, ಒಂದರಲ್ಲಿ ಹರಿಯುವ ನೀರು. ಬಾಗಿಲ ಪಕ್ಕ ಕೆಂಪು ದೀಪ. ಎಕ್ಸ್‌ರೇ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ, ಆದ್ದರಿಂದ ಆ ದೀಪದಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದು. ಬಾಗಿಲು ಮುಚ್ಚಿದ ಕೂಡಲೇ ನನ್ನ ಬಲಗೈ ತಾನಾಗಿ ಆ ಸ್ವಿಚ್ಚಿಗೆ ಹೋಗುತ್ತಿತ್ತು. ಹನ್ನೆರಡು ವರ್ಷದ ಅಭ್ಯಾಸ, ತಲೆಯನ್ನು ಕೇಳಿ ಮಾಡುವ ಕೆಲಸವಲ್ಲ.

ಅವರ ಸೊಂಟದ ಫಿಲ್ಮನ್ನು ತೊಳೆದು, ಇನ್ನೂ ಒದ್ದೆ ಇರುವಾಗಲೇ ಹೊರಗಿನ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಮೂಳೆ ಮುರಿದಿರಲಿಲ್ಲ. ಆದರೆ ಫಿಲ್ಮಿನ ಮೂಲೆಯಲ್ಲಿ, ಮೂಳೆಗೆ ದೂರವಾಗಿ, ಒಂದು ಮಬ್ಬು ಗುರುತು ಬಿದ್ದಿತ್ತು. ಎತ್ತರದ ಟೊಪ್ಪಿಗೆ ಹಾಕಿದ ಒಂದು ತಲೆ ಓರೆಯಾಗಿ ತಿರುಗಿದ ಹಾಗೆ. ಫಿಲ್ಮ್ ಮಡಿಸಿದರೆ ಇಂಥ ಕಲೆ ಬೀಳುವುದುಂಟು. ಕ್ಷಮಿಸಿ, ಇನ್ನೊಂದು ತೆಗೆಯುತ್ತೇನೆ ಎಂದೆ.

ಪ್ರೊಫೆಸರ್ ಬೆಳಕಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. "ಮೇಡಂ, ತಪ್ಪು ನಿಮ್ಮದಲ್ಲ" ಎಂದರು. "ಇವನು ನಾನು ಹೋದಲ್ಲೆಲ್ಲ ಬರುತ್ತಾನೆ."

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದುಕೊಂಡು ಎರಡನೆಯ ಫಿಲ್ಮ್ ತೆಗೆದೆ. ಫಿಲ್ಮ್ ಇಡುವ ಅದೇ ಕ್ಯಾಸೆಟ್, ಅದೇ ತೊಟ್ಟಿ, ಅದೇ ಕೈ. ಅದರಲ್ಲಿ ಯಾವ ಕಲೆಯೂ ಇರಲಿಲ್ಲ. ಮೊದಲಿನದನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ಡ್ರಾಯರಿನಲ್ಲಿ ಇಟ್ಟುಕೊಂಡೆ.

ವಾರಕ್ಕೊಮ್ಮೆ ಅವರು ಸೊಂಟಕ್ಕೆ ಶಾಖ ಕೊಡಿಸಿಕೊಳ್ಳಲು ಬರುತ್ತಿದ್ದರು. ಬಂದಾಗ ನನ್ನ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು, ನಾನು ಫ್ಲಾಸ್ಕಿನ ಕಾಫಿ ಕೊಡುತ್ತಿದ್ದೆ. ಮೂರನೆಯ ಸಲ ಬಂದಾಗ ನಾನೇ ಕೇಳಿದೆ, ಯಾರವನು ಎಂದು. ಆಗ ಅವರು ಒಬ್ಬ ಶೋಗನ್‌ನ ಸಂಸಾರದ ಕಥೆ ಹೇಳಿದರು.

ನೂರು ವರ್ಷಕ್ಕೂ ಹಿಂದೆ ಜಪಾನಿನಲ್ಲಿ ಚಕ್ರವರ್ತಿ ಹೆಸರಿಗೆ, ಆಳುವವನು ಶೋಗನ್. ಈ ಶೋಗನ್ ಪಟ್ಟಕ್ಕೆ ಬಂದದ್ದು ಮೀಸೆ ಮೂಡುವ ಮುಂಚೆ. ಆಗ ಅವನ ಮನೆತನದ ಬಲ ಕುಸಿಯುತ್ತಿತ್ತು, ಎರಡು ಮನೆಗಳನ್ನು ಬೆಸೆಯಲೆಂದು ಚಕ್ರವರ್ತಿಯ ತಂಗಿಯನ್ನೇ ತಂದು ಅವನಿಗೆ ಮದುವೆ ಮಾಡಿದರು. ಆಕೆಗೆ ಆಗಲೇ ಬೇರೊಬ್ಬ ರಾಜಕುಮಾರನ ಜೊತೆ ನಿಶ್ಚಯವಾಗಿತ್ತು. ಅದನ್ನು ಮುರಿದರು. ಬರುವುದಿಲ್ಲ ಎಂದು ಅತ್ತಳಂತೆ, ಕೇಳುವವರು ಯಾರು. ಬಂದ ಮೇಲೆ ತನ್ನ ತವರಿನ ಉಡುಪು, ತವರಿನ ಮಾತು, ತವರಿನ ನೇಮ ಬಿಡುವುದಿಲ್ಲ ಎಂದು ಹಠ ಹಿಡಿದಳು. ಕೋಟೆಯೊಳಗೆ ಅತ್ತೆಯೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಶೋಗನ್ ಮನೆಯಲ್ಲೂ ಇದೇ ಗೋಳು ಅಂತ ಕೇಳಿ ನನಗೆ ಒಂದು ಥರ ಸಮಾಧಾನವೇ ಆಯಿತು.

"ಆದರೆ ಗಂಡ ಒಳ್ಳೆಯವನು" ಎಂದರು ಪ್ರೊಫೆಸರ್. "ಸಿಹಿ ಎಂದರೆ ಪ್ರಾಣ. ಬಾಯಿ ತುಂಬ ಹುಳುಕು ಹಲ್ಲು, ನಾನೇ ಎಣಿಸಿದ್ದೇನೆ. ಯುದ್ಧಕ್ಕೆಂದು ದೂರ ಹೊರಟಾಗ ಆಕೆಯ ತವರಿನ ಊರಿನಿಂದ ಏನು ತರಲಿ ಎಂದು ಕೇಳಿದ. ಆ ಊರಿನ ನೇಯ್ಗೆಯ ರೇಷ್ಮೆ ತಾ ಎಂದಳು. ಅಲ್ಲಿಯೇ ಕಾಯಿಲೆ ಬಿದ್ದು ಸತ್ತ. ಇಪ್ಪತ್ತು ವರ್ಷ. ಹೆಣದ ಜೊತೆ ರೇಷ್ಮೆಯೂ ಮನೆಗೆ ಬಂತು."

ಅವಳು ಮತ್ತೆ ಮದುವೆಯಾಗಲಿಲ್ಲ. ಹತ್ತು ಹನ್ನೊಂದು ವರ್ಷದ ಮೇಲೆ ಅವಳೂ ಹೋದಳು, ಅವನ ಪಕ್ಕದಲ್ಲೇ ಹೂಳಿದರು. ಎಂಬತ್ತು ವರ್ಷ ಕಳೆದ ಮೇಲೆ ಆ ಮನೆತನದ ಸಮಾಧಿಗಳನ್ನು ಬೇರೆಡೆಗೆ ಸಾಗಿಸಬೇಕಾಗಿ ಬಂತು, ಹಾಗೆ ತೆರೆದಾಗ ಮೂಳೆಗಳನ್ನು ಅಳೆಯಲು ಹೋದ ಗುಂಪಿನಲ್ಲಿ ಇವರೂ ಒಬ್ಬರು. ಮಿಕ್ಕ ಸಮಾಧಿಗಳಲ್ಲಿ ಕತ್ತಿ, ಕನ್ನಡಕ, ಬೀಸಣಿಗೆ ಏನೇನೋ ಇದ್ದವು. ಅವಳದರಲ್ಲಿ ಏನೂ ಇರಲಿಲ್ಲ. ಎಡಗೈಯ ಮಣಿಕಟ್ಟಿನಿಂದ ಕೆಳಗಿನ ಮೂಳೆಗಳೂ ಇರಲಿಲ್ಲ, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಎರಡು ತೋಳುಗಳ ನಡುವೆ ಒಂದು ಗಾಜಿನ ಚೂರು ಮಾತ್ರ ಇತ್ತು, ಅಂಗೈ ಅಗಲದ್ದು.

"ಕಿಟಕಿಯ ಗಾಜೋ ಏನೋ ಅಂದುಕೊಂಡು ಎತ್ತಿಟ್ಟೆವು. ಸಂಜೆ ನಾನು ಅದನ್ನು ಒರೆಸಿ ಬೆಳಕಿಗೆ ಓರೆ ಹಿಡಿದೆ. ಒಬ್ಬ ಹುಡುಗ ನನ್ನನ್ನು ನೋಡುತ್ತಿದ್ದ. ಆಸ್ಥಾನದ ನಿಲುವಂಗಿ, ಎತ್ತರದ ಟೊಪ್ಪಿಗೆ. ಹಳೆಯ ಕಾಲದ ಫೋಟೋ, ಗಾಜಿನ ಮೇಲೆ ತೆಗೆದದ್ದು."

"ಗಂಡನದ್ದಾ?"

"ಎಲ್ಲರೂ ಕೇಳಿದ್ದು ಅದೇ. ಗಂಡನೋ, ನಿಶ್ಚಯವಾಗಿ ಮುರಿದುಹೋದವನೋ. ಅವಳು ಸಮಾಧಿಗೆ ಯಾರನ್ನು ತಬ್ಬಿಕೊಂಡು ಹೋಗಿದ್ದಳು. ತಿಳಿಯುವುದು ಸುಲಭವಿತ್ತು ಮೇಡಂ. ಗಂಡನ ತಲೆಬುರುಡೆ ಪಕ್ಕದ ಮೇಜಿನ ಮೇಲೆಯೇ ಇತ್ತು, ಎರಡನ್ನೂ ಹೋಲಿಸಿದ್ದರೆ ಮುಗಿಯುತ್ತಿತ್ತು. ಹೊತ್ತಾಯಿತು, ನಾಳೆ ನೋಡೋಣ ಎಂದರು ನಮ್ಮ ಗುರುಗಳು. ಕಪ್ಪು ಬಟ್ಟೆಯಲ್ಲಿ ಸುತ್ತಿಡು ಎಂದು ನನಗೆ ಹೇಳಿ ಹೋದರು. ಗಾಜು ಒದ್ದೆ ಇತ್ತು. ಒಣಗಲಿ ಎಂದು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಮರೆತು ಮನೆಗೆ ಹೋದೆ."

ಬೆಳಿಗ್ಗೆ ಬಂದು ನೋಡಿದರೆ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಗಾಜು ಖಾಲಿ. ಏನೆಲ್ಲ ಮಾಡಿದರೂ ಮುಖ ಮತ್ತೆ ಬರಲಿಲ್ಲ.

"ಎಂಬತ್ತು ವರ್ಷ ಅವಳು ಕತ್ತಲಲ್ಲಿ ಕಾಪಾಡಿದ್ದನ್ನು ನಾನು ಒಂದು ಬೆಳಗಿನಲ್ಲಿ ಕಳೆದೆ. ಅದನ್ನು ಗಮನವಿಟ್ಟು ನೋಡಿದವನು ನಾನೊಬ್ಬನೇ. ಈಗ ಎಷ್ಟು ನೆನೆಸಿಕೊಂಡರೂ ಆ ಮುಖ ಹೇಗಿತ್ತೆಂದು ನನಗೆ ಬರುವುದಿಲ್ಲ. ಟೊಪ್ಪಿಗೆ ಬರುತ್ತದೆ, ಮುಖ ಇಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವರು ಬಹಳ ಮೆಲ್ಲಗೆ ಕೇಳಿದರು: "ಗಾಜಿನಿಂದ ಹೋದದ್ದು ಎಲ್ಲಿಗೆ ಹೋಯಿತು ಮೇಡಂ?"

ಟೊಪ್ಪಿಗೆ ಇದೆ, ಮುಖ ಇಲ್ಲ. ನನಗೂ ಬೊಟ್ಟು ಇದೆ, ಮುಖ ಇಲ್ಲ. ಏಳು ವರ್ಷ ಯಾರ ಹತ್ತಿರವೂ ಆಡದ ಮಾತನ್ನು ನಾನು ಆ ಬೆಂಚಿನ ಮೇಲೆ ಕೂತು, ಗುರುತು ಪರಿಚಯವಿಲ್ಲದ ದೇಶದ ಮುದುಕರಿಗೆ ಹೇಳಿಬಿಟ್ಟೆ. ಡಬ್ಬಿಯದು, ಬೀರುವಿನದು, ಅತ್ತೆಯದು, ಎಲ್ಲ.

ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಕಪ್ಪು ಬಿಳುಪಿನ ರೋಲಾ?" ಎಂದು ಕೇಳಿದರು. ಹೌದು ಎಂದೆ. "ತೊಳೆಯದ ರೋಲು ವರ್ಷ ವರ್ಷಕ್ಕೂ ಒಳಗೊಳಗೇ ಮಾಸುತ್ತದೆ. ನೀವು ಇನ್ನೂ ಯೋಚನೆ ಮಾಡುತ್ತಿರಿ, ಅವಳು ಹೋಗುತ್ತಿರುತ್ತಾಳೆ. ನಾಳೆ ಎನ್ನಬೇಡಿ." ಆಮೇಲೆ ಬೆರಳೆತ್ತಿ ಹೇಳಿದರು: "ಒಂದು ವಿಷಯ. ಪೂರ್ತಿ ಕತ್ತಲಲ್ಲಿ ತೆಗೆಯಬೇಕು. ಕ್ಯಾಮೆರಾ ರೋಲಿಗೆ ಕೆಂಪು ಬೆಳಕೂ ಕಾಣುತ್ತದೆ." ನನಗೆ ಗೊತ್ತಿಲ್ಲವಾ ಎಂದೆ, ಸ್ವಲ್ಪ ಸಿಡುಕಿನಿಂದಲೇ. ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮುಂದಿನ ಗುರುವಾರ ನನ್ನ ಗಂಡ ಕಾಲೇಜಿಗೆಂದು ಮಟಾಟು ವ್ಯಾನು ಹತ್ತಿದ ಮೇಲೆ ಕುರ್ಚಿ ಹಾಕಿಕೊಂಡು ಬೀರುವಿನ ಮೇಲಿನ ಡಬ್ಬಿ ಇಳಿಸಿದೆ. ಅತ್ತೆ ಹಾಲಿನಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಕೈಚೀಲದಲ್ಲಿ ಡಬ್ಬಿ ಹಾಕಿಕೊಂಡು ನಾನು ಅವರ ಮುಂದೆ ಹಾದುಹೋಗುವಾಗ ತಲೆ ಎತ್ತಿ, ನನ್ನ ಮುಖವನ್ನಲ್ಲ, ಚೀಲವನ್ನು ನೋಡಿದರು. "ಬಿಸಿಲಿದೆ, ಸೆರಗು ಮುಚ್ಕೊಂಡು ಹೋಗು" ಎಂದರು. ಚೀಲಕ್ಕೆ ಯಾಕೆ ಸೆರಗು ಮುಚ್ಚಬೇಕೆಂದು ನಾನು ಕೇಳಲಿಲ್ಲ, ಆದರೆ ಮುಚ್ಚಿದೆ.

ಮಧ್ಯಾಹ್ನ ಎರಡು ಗಂಟೆಗೆ ರೋಗಿಗಳು ಇರುವುದಿಲ್ಲ. ಪ್ರೊಫೆಸರ್ ಬಂದು ಬೆಂಚಿನಲ್ಲಿ ಕೂತರು. ನಾನು ಒಳಗೆ ಹೋಗಿ, ತಟ್ಟೆಯಲ್ಲಿ ಡೆವಲಪರ್ ಸುರಿದು, ಡಬ್ಬಿಯ ಪ್ಲಾಸ್ಟರ್ ಕಿತ್ತು, ಸೋಡಾ ಬಾಟಲಿಯ ಓಪನರ್ ಕೈಗೆ ತೆಗೆದುಕೊಂಡು ಬಾಗಿಲು ಮುಚ್ಚಿದೆ. ರೋಲಿನ ಮುಚ್ಚಳ ಎಬ್ಬಿಸಿದೆ. ಫಿಲ್ಮಿನ ತುದಿ ಹಿಡಿದು ಒಂದು ಮೊಳ ಎಳೆದೆ. ಮೇಲೆ ಸಣ್ಣ ಸಣ್ಣ ತೂತುಗಳ ಸಾಲು ಕಂಡಿತು.

ಕಂಡಿತು. ಕತ್ತಲಲ್ಲಿ ಹೇಗೆ ಕಂಡಿತು ಎಂದು ಹೊಳೆಯಲು ನನಗೆ ಎರಡು ಮೂರು ಕ್ಷಣ ಬೇಕಾಯಿತು. ನನ್ನ ಕೈ ಎಲ್ಲ ಕೆಂಪಗಿತ್ತು, ತಟ್ಟೆ ಕೆಂಪಗಿತ್ತು, ಫಿಲ್ಮ್ ಕೆಂಪಗಿತ್ತು. ಬಾಗಿಲು ಮುಚ್ಚಿದ ಕೂಡಲೇ ನನ್ನ ಬಲಗೈ ಸ್ವಿಚ್ಚಿಗೆ ಹೋಗಿ ತನ್ನ ಕೆಲಸ ಮುಗಿಸಿ ಬಂದಿತ್ತು.

ಹೊರಗಿನಿಂದ ಅವರು ಬಾಗಿಲು ಬಡಿದರು. ಅದೇ ಸ್ವಿಚ್ಚಿಗೆ ಬಾಗಿಲ ಹೊರಗೂ ಒಂದು ಸಣ್ಣ ಕೆಂಪು ದೀಪ ಹೊತ್ತುತ್ತದೆ, ಅದು ಅವರಿಗೆ ಕಂಡಿತ್ತಂತೆ. "ಆರಿಸಿ, ಮೇಡಂ, ಆರಿಸಿ" ಎಂದು ಕೂಗಿದರು. ಆರಿಸಿದೆ. ಆ ಕತ್ತಲಲ್ಲಿ ನಿಂತು ನಾನು ನನ್ನ ಕೈಯನ್ನು ಕಚ್ಚಿಕೊಂಡೆ, ರಕ್ತ ಬರುವ ಹಾಗೆ. ಅಷ್ಟು ದ್ವೇಷ ನನಗೆ ನನ್ನ ಗಂಡನ ಮೇಲೂ ಯಾವತ್ತೂ ಬಂದಿರಲಿಲ್ಲ.

ಆಮೇಲೆ ನೆನಪಾಯಿತು, ರೋಲಿನಲ್ಲಿ ಮೊದಲು ತೆಗೆದದ್ದು ಹೊರಸುತ್ತಿನಲ್ಲಿರುತ್ತದೆ, ಕೊನೆಗೆ ತೆಗೆದದ್ದು ಒಳಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ನನ್ನ ಬಸುರಿನ ದಿನಗಳ ಫೋಟೋಗಳು, ಕೆರೆ ನೋಡಲು ಹೋದದ್ದು, ಅವೆಲ್ಲ ಹೊರಗೆ. ಮಗು ಒಳಗೆ. ಕುರುಡಿಯ ಹಾಗೆ ಬೆರಳುಗಳಿಂದಲೇ ಮಿಕ್ಕದ್ದನ್ನು ಬಿಚ್ಚಿ, ಎರಡು ತುದಿ ಹಿಡಿದು ತಟ್ಟೆಯಲ್ಲಿ ಹಿಂದೆ ಮುಂದೆ ಆಡಿಸಿದೆ. ತೊಟ್ಟಿಲು ತೂಗುವ ಲಯವೇ ಅದು. ಫಿಕ್ಸರಿಗೆ ಹಾಕಿ ಎಣಿಸಿದೆ. ಎಣಿಸುವಾಗ ಆ ಸಣ್ಣ ಕೋಣೆಯಲ್ಲಿ ನನ್ನದಲ್ಲದ ಒಂದು ಉಸಿರಾಟ ಇತ್ತು, ಕಟ್ಟಿ ಕಟ್ಟಿ ಬರುವಂಥದು. ನೀರಿನ ಕೊಳವೆಯ ಸದ್ದು ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ಹೊರಗೆ ತಂದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಮುಕ್ಕಾಲು ಪಾಲು ಕರಿಹಲಗೆಯ ಹಾಗೆ ಕಪ್ಪು. ನನ್ನ ಬಸುರು, ಕೆರೆ, ಎಲ್ಲ ಹೋಗಿತ್ತು. ತುದಿಯಲ್ಲಿ ಎರಡು ಚಿತ್ರ ಉಳಿದಿದ್ದವು, ಅಂಚಿನಲ್ಲಿ ಮಾತ್ರ ಸ್ವಲ್ಪ ಕಪ್ಪು ನುಗ್ಗಿತ್ತು. ಪ್ರೊಫೆಸರ್ ಗೋಡೆಯ ಕಡೆ ತಿರುಗಿ ನಿಂತಿದ್ದರು.

"ನೋಡಿ ಪ್ರೊಫೆಸರ್, ಎರಡು ಉಳಿದಿವೆ."

"ನಾನು ನೋಡುವುದಿಲ್ಲ" ಎಂದರು, ತಿರುಗದೆ. "ನಾನು ನೋಡಿದ ಮುಖ ಉಳಿಯುವುದಿಲ್ಲ. ನೀವು ನೋಡಿ."

ಕಪ್ಪು ಬಿಳುಪು ತಿರುಗುಮುರುಗಾದ ಚಿತ್ರ ಓದುವುದು ನನ್ನ ಅನ್ನದ ವಿದ್ಯೆ. ಮೊದಲನೆಯದು ನಾಮಕರಣದ ದಿನದ್ದು. ಅದರಲ್ಲಿ ಮಗು ಇರಲಿಲ್ಲ. ತೊಟ್ಟಿಲಿನ ಒಂದು ಕಾಲು, ರಂಗೋಲಿಯ ಅಂಚು, ನನ್ನ ಸೀರೆಯ ನೆರಿಗೆ, ನನ್ನ ಎರಡು ಪಾದ. ನಾನು ಕಿರುಚಿದಾಗ ಅವರು ಕ್ಯಾಮೆರಾವನ್ನು ನೆಲಕ್ಕೆ ತಿರುಗಿಸಿದ್ದರು. ಬೆರಳು ಒತ್ತಿದ್ದು ನೆಲದ ಮೇಲೆ. ಏಳು ವರ್ಷ ನಾನು ಹೊತ್ತುಕೊಂಡು ತಿರುಗಿದ ಆ ಟಕ್ ಎಂಬ ಸದ್ದು ನನ್ನ ಪಾದಗಳ ಚಿತ್ರದ್ದು.

ಎರಡನೆಯದರಲ್ಲಿ ಅವಳಿದ್ದಳು. ಮುಖ ಪೂರ್ತಿ ಇತ್ತು. ನನ್ನ ಅಮ್ಮನ ಹಣೆ, ನನ್ನ ಗಂಡನ ಗಲ್ಲ. ಅಯ್ಯೋ ಇದೇ, ಇದೇ ಮುಖ ಎಂದುಕೊಂಡೆ. ಆಮೇಲೆ ಕಣ್ಣು ತಾನಾಗಿ ಎಡಗೆನ್ನೆಗೆ ಹೋಯಿತು. ಕಾಡಿಗೆ ಬೊಟ್ಟು ಈ ಫಿಲ್ಮಿನಲ್ಲಿ ಬೆಳ್ಳಗಿನ ಚುಕ್ಕಿಯಾಗಿ ಕಾಣಬೇಕು. ಕೆನ್ನೆಯಲ್ಲಿ ಚುಕ್ಕಿ ಇರಲಿಲ್ಲ. ನಾನು ಒಂದು ದಿನವೂ ಬೊಟ್ಟಿಲ್ಲದೆ ಅವಳನ್ನು ಬಿಟ್ಟಿರಲಿಲ್ಲ. ಮೂಗಿನ ಎರಡು ಹೊಳ್ಳೆಗಳಲ್ಲಿ ಎರಡು ಕಪ್ಪು ಉಂಡೆಗಳಿದ್ದವು. ಬಿಳಿಯದು ಇಲ್ಲಿ ಕಪ್ಪಗೆ ಕಾಣುತ್ತದೆ. ಅದು ಹತ್ತಿ.

ಪ್ರೊಫೆಸರ್ ಗೋಡೆಗೆ ಮುಖ ಮಾಡಿಯೇ ಹೇಳಿದರು: "ಚೆನ್ನಾಗಿ ನೀರಿನಲ್ಲಿ ತೊಳೆಯಿರಿ ಮೇಡಂ, ಆಗ ಮಾಸುವುದಿಲ್ಲ." ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆದೆ.

ಮನೆಗೆ ಬಂದಾಗ ಅತ್ತೆ ಹಾಲಿನಲ್ಲಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಬೀರುವಿನ ಕೆಳಗೆ, ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದರು. ಹೆಜ್ಜೆ ಸದ್ದಿಗೆ ಎಚ್ಚರವಾಗಿ, "ಇವತ್ತು ಮೇಲೆ ಯಾರೂ ಇರ್ಲಿಲ್ಲ ಕಣೇ, ಅದಕ್ಕೆ ಇಲ್ಲೇ ಮಲಗಿದೆ" ಎಂದರು. ಮತ್ತೆ ಮಗ್ಗುಲಾದರು.

ಸಂಜೆ ಐದೂವರೆಗೆ ನನ್ನ ಗಂಡ ಬಂದರು, ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಪುಡಿ. ಊಟದ ಮೇಜಿನ ಮೇಲೆ ಪ್ಲಾಸ್ಟರ್ ಕಿತ್ತ ಡಬ್ಬಿ ಇತ್ತು. ಅದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ತೊಳೆದ್ಯಾ?"

"ಕೆನ್ನೆ ಮೇಲೆ ಬೊಟ್ಟಿರ್ಲಿಲ್ಲ" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಡಬ್ಬಿಯ ಮುಚ್ಚಳ ತಿರುಗಿಸತೊಡಗಿದರು.

"ನಾಮಕರಣದ ದಿನದ್ದು ಅವಳದಲ್ಲ ಅಂತ ನಿಮಗೆ ಗೊತ್ತಿತ್ತು. ನಾನು ಹಾಗಂದಾಗ ಒಂದು ಮಾತು ಹೇಳ್ಬಾರ್ದಿತ್ತಾ? ಏಳು ವರ್ಷ ರೀ."

"ಹೇಳಿದ್ರೆ ತೋರಿಸಿ ಅಂತಿದ್ದೆ. ಅದರ ಪಕ್ಕದಲ್ಲೇ ಅವಳಿದ್ಲಲ್ಲ, ಹಾಗೆ ಮಲ್ಕೊಂಡು." ಅವರ ಧ್ವನಿ ಸಾಧಾರಣವಾಗಿಯೇ ಇತ್ತು. "ಕ್ಯಾಮೆರಾ ಬಟ್ಟೆ ಚೀಲದಲ್ಲೇ ಉಳ್ಕೊಂಡಿತ್ತು. ನೀನು ಕೊನೇಲಿ ನೋಡ್ಲಿಲ್ಲ ಅಂತ ತೆಗೆದೆ. ತೆಗೆದ್ಮೇಲೆ ನಿಂಗೆ ಹೇಗೆ ತೋರಿಸೋದು ಅಂತ ಗೊತ್ತಾಗ್ಲಿಲ್ಲ."

ಅವರೇ ಮುಂದುವರಿಸಿದರು.

"ನರ್ಸು ಮುಖ ಒರೆಸಿಬಿಟ್ಟಿದ್ಲು. ಬೊಟ್ಟಿಲ್ದೆ ನಿಂಗೆ ಇಷ್ಟ ಆಗಲ್ಲ ಅಂತ ಕಾಡಿಗೆ ಹುಡುಕಿದೆ, ಅಲ್ಲೆಲ್ಲಿ ಸಿಗ್ಬೇಕು. ಜೇಬಲ್ಲಿ ಪೆನ್ನಿತ್ತು. ಅದರಲ್ಲೇ ಇಡೋಣ ಅಂತ ಕೆನ್ನೆ ಹತ್ರ ತಗೊಂಡು ಹೋದೆ." ಅವರು ತಮ್ಮ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡರು. "ನಿಬ್ಬು ಚುಚ್ಚತ್ತೇನೋ ಅಂತ ಬಿಟ್ಬಿಟ್ಟೆ."

ನಾನು ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಏಳು ವರ್ಷದಿಂದ ನಾನು ಮೇಜಿನ ಎದುರು ಬದಿಯಲ್ಲೇ ಕೂರುತ್ತಿದ್ದೆ.